ಅರಬ್ಬಿ ಕಡಲಿನ ತಳಕ್ಕೆ ತಣ್ಣೀರು ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಾನು ಮಲ್ಪೆ ಕಡೆಯವನು. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡಲಿಗೆ ಇಳಿದರೆ ನೀರು ಹಂಡೆಯಿಂದ ತೋಡಿಕೊಂಡಷ್ಟು ಬೆಚ್ಚಗಿರುತ್ತದೆ. ಇದೇ ಅರಬ್ಬಿ ಸಮುದ್ರದ ತಳದಲ್ಲಿ ಎರಡು ಡಿಗ್ರಿಗಿಂತ ಕಡಿಮೆ ಉಷ್ಣತೆ ಇದೆ, ಅಲ್ಲಿನ ನೀರು ಅಂಟಾರ್ಕ್ಟಿಕಾದಿಂದ ಬಂದದ್ದು ಎಂದು ಓದಿದೆ. ಬಿಸಿಲು ತಾಗದ ಜಾಗ ತಣ್ಣಗಿರುವುದು ಸಹಜವಲ್ಲವೇ? ಅದಕ್ಕೆ ಅಷ್ಟು ದೂರದ ನೀರೇ ಬರಬೇಕೇ? ಬಂದಿದೆ ಎಂದು ನಂಬುವುದಾದರೂ ಹೇಗೆ? ಬಂದರೆ ಕಡಲತಳಕ್ಕೆ ಅದರಿಂದ ಏನಾಗುತ್ತದೆ? ಮಳೆಗಾಲದಲ್ಲಿ ನಮ್ಮಲ್ಲಿ ಮೇಲೇಳುವ ತಣ್ಣೀರೂ ಅದೇ ಇರಬಹುದೇ?

ಉತ್ತರ: ಆ ನೀರನ್ನು ನಾನು ಕೈಯಾರೆ ಮುಟ್ಟಿದ್ದೇನೆ, ಅಲ್ಲಿಂದಲೇ ಶುರು ಮಾಡುತ್ತೇನೆ. ಸಂಶೋಧನಾ ಹಡಗಿನಲ್ಲಿ ಆಳದ ನೀರು ತರಲು ಒಂದು ದುಂಡನೆಯ ಚೌಕಟ್ಟು ಇರುತ್ತದೆ. ಅದರ ಸುತ್ತ ಎರಡೂ ತುದಿಗೆ ಮುಚ್ಚಳವಿರುವ ಪ್ಲಾಸ್ಟಿಕ್ ಕೊಳವೆಗಳು. ಬಾಯಿ ತೆರೆದುಕೊಂಡೇ ಇಳಿಯುವ ಕೊಳವೆ, ಬೇಕಾದ ಆಳದಲ್ಲಿ ಮೇಲಿನಿಂದ ಸಂಜ್ಞೆ ಕೊಟ್ಟೊಡನೆ ಟಪ್ಪನೆ ಮುಚ್ಚಿಕೊಳ್ಳುತ್ತದೆ. ನಾಲ್ಕು ಸಾವಿರ ಮೀಟರ್ ಇಳಿದು ಹತ್ತಿ ಬರಲು ಸುಮಾರು ಮೂರು ಗಂಟೆ. ಅಷ್ಟರಲ್ಲಿ ಡೆಕ್ಕು ಬರಿಗಾಲಿಡಲಾಗದಷ್ಟು ಕಾದಿರುತ್ತದೆ. ತಳದ ನೀರು ತುಂಬಿದ ಕೊಳವೆಗಳು ಮಾತ್ರ ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಬಾಟಲಿಯ ಹಾಗೆ ಬೆವರುತ್ತಿರುತ್ತವೆ. ನಲ್ಲಿ ತಿರುಗಿಸಿ ಮಾದರಿ ಹಿಡಿಯುವಾಗ ಬೆರಳು ಮರಗಟ್ಟುತ್ತದೆ. ತಳದಿಂದ ಕಚ್ಚಿ ತಂದ ಕಂದು ಕೆಸರು ಬೆಣ್ಣೆಯಷ್ಟು ನುಣುಪು, ಅಷ್ಟೇ ತಂಪು. ಮಾದರಿ ತೆಗೆದು ಮಿಕ್ಕ ಕೆಸರಿನಲ್ಲಿ ನಮ್ಮ ಹುಡುಗರು ಮಜ್ಜಿಗೆ ಬಾಟಲಿ ಹೂತಿಡುತ್ತಿದ್ದರು.

ಈ ಉಪಾಯ ಅವರಿಗಿಂತ ಬಹಳ ಹಳೆಯದು. 1751ರಲ್ಲಿ ಹೆನ್ರಿ ಎಲ್ಲಿಸ್ ಎಂಬ ಕಪ್ತಾನ, ಗುಲಾಮರ ವ್ಯಾಪಾರದ ಹಡಗೊಂದನ್ನು ಅಟ್ಲಾಂಟಿಕ್‌ನಲ್ಲಿ ನಡೆಸುತ್ತಿದ್ದಾಗ, ಕವಾಟವಿರುವ ಒಂದು ಬಕೆಟ್ಟನ್ನು 5,346 ಅಡಿ ಹಗ್ಗದಲ್ಲಿ ಇಳಿಬಿಟ್ಟ. ಮೇಲೆ 29 ಡಿಗ್ರಿ ಸೆಲ್ಸಿಯಸ್ ಸೆಕೆ. ಮೇಲೆ ಬಂದ ನೀರು ಸುಮಾರು 12 ಡಿಗ್ರಿ. ಎಳೆದು ತರುವ ದಾರಿಯಲ್ಲಿ ಅದು ಎಷ್ಟೋ ಬೆಚ್ಚಗಾಗಿತ್ತು ಎಂಬುದು ಬೇರೆ ಮಾತು. ಆ ನೀರಿನಲ್ಲಿ ಸ್ನಾನ ಮಾಡಿದೆವು, ವೈನ್ ತಂಪು ಮಾಡಿಕೊಂಡೆವು ಎಂದು ಆತ ಖುಷಿಯಿಂದ ಬರೆದುಕೊಂಡ. ಉಷ್ಣವಲಯದ ಕಡಲಿನ ಕೆಳಗೆ ಇಷ್ಟು ತಣ್ಣನೆಯ ನೀರು ಯಾಕಿದೆ ಎಂದು ಮಾತ್ರ ಕೇಳಲಿಲ್ಲ. ಅದನ್ನು ಕೇಳಿ ಉತ್ತರವನ್ನೂ ಹೇಳಿದವನು ವಿಜ್ಞಾನಿ ಕೌಂಟ್ ರಮ್‌ಫರ್ಡ್, 1790ರ ದಶಕದ ಕೊನೆಯಲ್ಲಿ. ಆ ತಂಪು ಅಲ್ಲಿ ಹುಟ್ಟಿದ್ದಲ್ಲ, ಧ್ರುವದ ಕಡೆಯಿಂದ ತಳ ಹಿಡಿದು ಹರಿದು ಬಂದದ್ದು ಎಂದ. ಆಳದ ಹರಿವನ್ನು ಅಳೆಯುವ ಸಾಧನಗಳೇ ಇಲ್ಲದ ಕಾಲದಲ್ಲಿ ಬರೀ ತರ್ಕದಿಂದ ಹೊಳೆದ ಮಾತು.

ನಿಮ್ಮ ಮೊದಲ ಸಂದೇಹಕ್ಕೆ ಇದೇ ತರ್ಕ ಸಾಕು. ಬಿಸಿಲು ತಾಗದ ಜಾಗವೆಲ್ಲ ತಣ್ಣಗಿರಬೇಕೆಂದಿಲ್ಲ. ಕೋಲಾರದ ಚಿನ್ನದ ಗಣಿಗೆ ಎಂದೂ ಬಿಸಿಲು ತಾಗಲಿಲ್ಲ, ಆದರೂ ಆಳಕ್ಕೆ ಹೋದಂತೆ ಸೆಕೆ ತಡೆಯಲಾಗುತ್ತಿರಲಿಲ್ಲ. ಭೂಮಿಯ ಒಡಲ ಬಿಸಿ ಕಡಲತಳದಿಂದಲೂ ಸೋರುತ್ತಲೇ ಇರುತ್ತದೆ. ಒಂದು ಚದರ ಮೀಟರ್‌ಗೆ ಒಂದು ವ್ಯಾಟ್‌ನ ಹತ್ತನೇ ಒಂದು ಪಾಲೂ ದಾಟದಷ್ಟು, ನಿಜ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ: ತಳದ ಒಂದು ಕಿಲೋಮೀಟರ್ ದಪ್ಪದ ನೀರು ಅಲ್ಲಾಡದೆ ಕೂತಿದ್ದರೆ, ಸಾವಿರದಿಂದ ಎರಡು ಸಾವಿರ ವರ್ಷಕ್ಕೆ ಒಂದು ಡಿಗ್ರಿಯಂತೆ ಅದು ಕಾಯುತ್ತಾ ಹೋಗಬೇಕು. ಮೇಲಿನ ಬಿಸಿ ನೀರೂ ಅಲೆ, ಸುಳಿ, ಉಬ್ಬರವಿಳಿತಗಳ ಕಲಕಾಟದಲ್ಲಿ ಚೂರುಚೂರೇ ಕೆಳಗೆ ಬೆರೆಯುತ್ತದೆ. ಕೋಟಿಗಟ್ಟಲೆ ವರ್ಷ ವಯಸ್ಸಿನ ಕಡಲು ಈ ಹೊತ್ತಿಗೆ ತಳದವರೆಗೆ ಬೆಚ್ಚಗಾಗಿರಬೇಕಿತ್ತು. ಆಗಿಲ್ಲ ಅಂದರೆ ಯಾರೋ ನಿರಂತರವಾಗಿ ತಣ್ಣೀರು ಸುರಿಯುತ್ತಿದ್ದಾರೆ ಎಂದೇ ಅರ್ಥ.

ಆ ಸುರಿಯುವ ಜಾಗ ನಮ್ಮ ಉತ್ತರದಲ್ಲಿಲ್ಲ. ಅಟ್ಲಾಂಟಿಕ್‌ಗೆ ಉತ್ತರದಲ್ಲಿ ಹಿಮದ ಕಡಲುಗಳಿವೆ. ಅರಬ್ಬಿ ಸಮುದ್ರಕ್ಕೆ ಉತ್ತರದಲ್ಲಿ ಇರುವುದು ಏಷ್ಯಾದ ನೆಲ. ಕೆಂಪು ಸಮುದ್ರ ಮತ್ತು ಪರ್ಷಿಯನ್ ಕೊಲ್ಲಿಯಿಂದ ಬಹಳ ಉಪ್ಪಾದ, ಭಾರದ ನೀರು ನಮ್ಮ ಕಡಲಿಗೆ ಇಳಿಯುವುದು ಹೌದು. ಆದರೆ ಅದು ಬೆಚ್ಚನೆಯ ನೀರು. ಕೊಲ್ಲಿಯ ನೀರು ಸುಮಾರು 300 ಮೀಟರ್‌ನಲ್ಲಿ, ಕೆಂಪು ಸಮುದ್ರದ್ದು 600–800 ಮೀಟರ್‌ನಲ್ಲಿ ನಿಂತುಬಿಡುತ್ತದೆ. ತಳ ಮುಟ್ಟುವಷ್ಟು ಭಾರ ಬರಬೇಕಾದರೆ ಉಪ್ಪೂ ಬೇಕು, ಕೊರೆಯುವ ಚಳಿಯೂ ಬೇಕು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಶಾಲೆಯಲ್ಲಿ ಕಲಿತದ್ದೇ ಇಲ್ಲಿ ಅಡ್ಡ ಬರುತ್ತದೆ. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಹೆಚ್ಚು ಭಾರ, ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರ ಎಂದು ಓದಿದ್ದೇವೆ. ಕಡಲ ನೀರು ಹಾಗಲ್ಲ. ಉಪ್ಪಿನ ದೆಸೆಯಿಂದ ಅದು ಹೆಪ್ಪುಗಟ್ಟುವುದೇ ಮೈನಸ್ 1.9 ಡಿಗ್ರಿಯಲ್ಲಿ, ಅಲ್ಲಿಯವರೆಗೂ ಭಾರ ಏರುತ್ತಲೇ ಹೋಗುತ್ತದೆ. ಬೇಸಿಗೆಯ ಅರಬ್ಬಿ ಕಡಲಿನ ಒಂದು ಲೀಟರ್ ಮೇಲ್ನೀರು ಸುಮಾರು 1,022 ಗ್ರಾಂ ತೂಗಿದರೆ, ಅಂಟಾರ್ಕ್ಟಿಕಾದ ಚಳಿಗಾಲದ ನೀರು 1,028 ಗ್ರಾಂ. ಆರು ಗ್ರಾಂ ವ್ಯತ್ಯಾಸ. ಆದರೆ ಅಲ್ಲಿ ಪೈಪೋಟಿ ನಮ್ಮ ಬಿಸಿ ನೀರಿನ ಜೊತೆಗಲ್ಲ, ಪಕ್ಕದಲ್ಲೇ ಇರುವ ಇನ್ನೊಂದು ತಣ್ಣೀರಿನ ಜೊತೆ. ಅಲ್ಲಿ ಗೆಲುವು ಲೀಟರಿಗೆ ಒಂದು ಗ್ರಾಮಿನ ಹತ್ತನೇ ಒಂದು ಪಾಲಿನಲ್ಲಿ, ಒಂದು ಚಿಟಿಕೆ ಉಪ್ಪಿನಲ್ಲಿ, ತೀರ್ಮಾನವಾಗುತ್ತದೆ.

ಆ ಚಿಟಿಕೆ ಉಪ್ಪು ಎಲ್ಲಿಂದ? ಹೆಪ್ಪುಗಟ್ಟುವುದರಿಂದಲೇ. ಕುಲ್ಫಿ ಗಾಡಿಯವನ ಮಡಕೆಯೊಳಗೆ ಇಣುಕಿದ್ದರೆ ಗೊತ್ತಿರುತ್ತದೆ: ಐಸಿನ ನಡುವೆ ಉಪ್ಪುನೀರು ಸೊನ್ನೆಗಿಂತ ಎಷ್ಟೋ ಕೆಳಗಿದ್ದರೂ ನೀರಾಗಿಯೇ ಇರುತ್ತದೆ. ಐಸಿಗೂ ಉಪ್ಪಿಗೂ ಆಗಿಬರುವುದಿಲ್ಲ. ಕಡಲು ಹೆಪ್ಪುಗಟ್ಟುವಾಗ ಐಸಿನ ಹರಳು ಉಪ್ಪನ್ನು ಹೊರಗೆ ನೂಕುತ್ತದೆ. ಗಡ್ಡೆಯ ಸಂದುಗಳಲ್ಲಿ ಸಿಕ್ಕಿಕೊಂಡ ಗಾಢ ಉಪ್ಪುನೀರು ಸೋರಿ ಕೆಳಗಿಳಿಯುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮೀಟರ್ ದಪ್ಪ ಐಸು ಕಟ್ಟಿದರೆ ಕೆಳಗಿನ ನೀರಿಗೆ ಸೇರುವ ಉಪ್ಪು ಹತ್ತಿರ ಹತ್ತಿರ 25 ಕಿಲೋ, ಅರ್ಧ ಮೂಟೆ.

ಆದರೆ ಸಾಮಾನ್ಯವಾಗಿ ಒಂದೆರಡು ಮೀಟರ್ ಐಸು ಕಟ್ಟಿದ ಮೇಲೆ ಆಟ ನಿಲ್ಲುತ್ತದೆ. ಗಡ್ಡೆಯೇ ಕಂಬಳಿಯಾಗಿ ಚಳಿಯನ್ನು ತಡೆಯುತ್ತದೆ. ಆಟ ನಿಲ್ಲಬಾರದು ಅಂದರೆ ಕಟ್ಟಿದ ಐಸನ್ನು ಯಾರಾದರೂ ಗುಡಿಸುತ್ತಿರಬೇಕು. ಅಂಟಾರ್ಕ್ಟಿಕಾದ ಅಂಚಿನಲ್ಲಿ ಆ ಕೆಲಸ ಗಾಳಿಯದು. ಖಂಡದ ನಡುವಿನ ಎತ್ತರದ ಹಿಮದ ಮೇಲೆ ತಣಿದ ಭಾರದ ಗಾಳಿ ಇಳಿಜಾರು ಹಿಡಿದು ಕಡಲಿಗೆ ಧುಮುಕುತ್ತದೆ. ಅನ್ವೇಷಕ ಡಗ್ಲಸ್ ಮಾಸನ್ ತಂಡ 1912ರಲ್ಲಿ ಬಿಡಾರ ಹೂಡಿದ ಕೇಪ್ ಡೆನಿಸನ್‌ನಲ್ಲಿ ವರ್ಷದ ಸರಾಸರಿ ಗಾಳಿಯೇ ಗಂಟೆಗೆ 70–80 ಕಿಲೋಮೀಟರ್. ಸರಾಸರಿ, ನೆನಪಿರಲಿ, ನಮ್ಮಲ್ಲಿ ಅಷ್ಟು ಬೀಸಿದರೆ ಚಂಡಮಾರುತದ ಹೆಸರಿಟ್ಟು ಶಾಲೆಗೆ ರಜೆ ಕೊಡುತ್ತೇವೆ. ಈ ಗಾಳಿ ಕಟ್ಟಿದ ಐಸನ್ನು ಕಟ್ಟಿದಂತೆಯೇ ದೂರ ತಳ್ಳುವುದರಿಂದ ದಂಡೆಯ ಪಕ್ಕ ನಡುಚಳಿಗಾಲದಲ್ಲೂ ಕಪ್ಪು ನೀರಿನ ಬಯಲು ತೆರೆದಿರುತ್ತದೆ. ಇದನ್ನು ರಷ್ಯನ್ ಮಾತಿನಲ್ಲಿ ಪಾಲಿನ್ಯಾ ಎನ್ನುತ್ತಾರೆ, ಎಲ್ಲರೂ ಅದನ್ನೇ ಬಳಸುತ್ತೇವೆ. ಒಳ್ಳೆಯ ಪಾಲಿನ್ಯಾದಲ್ಲಿ ಒಂದು ಚಳಿಗಾಲದಲ್ಲಿ ಹುಟ್ಟುವ ಐಸನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಹತ್ತು ಮೀಟರ್ ಎತ್ತರವಾಗುತ್ತದೆ. ಉಪ್ಪಿನ ಲೆಕ್ಕ ನೀವೇ ಹಾಕಿಕೊಳ್ಳಿ.

ಅಂಟಾರ್ಕ್ಟಿಕಾ ಸುತ್ತ ಇಂಥ ಕಾರ್ಖಾನೆಗಳು ಬೆರಳೆಣಿಕೆಯಷ್ಟೇ. ವೆಡ್ಡೆಲ್ ಸಮುದ್ರ, ರಾಸ್ ಸಮುದ್ರ, ಅಡೇಲಿ ಕರಾವಳಿ ಮೂರನ್ನೂ ಬಹಳ ಕಾಲದಿಂದ ಬಲ್ಲೆವು. ನಾಲ್ಕನೆಯದು ಕೇಪ್ ಡಾರ್ನ್ಲಿ. ಅದು ಖಚಿತವಾದದ್ದು 2013ರಲ್ಲಿ, ಜಪಾನಿನ ವಿಜ್ಞಾನಿಗಳಿಂದ. ಅಲ್ಲಿಗೆ ಚಳಿಗಾಲದಲ್ಲಿ ಹಡಗು ಹೋಗಲಾರದು. ಹೋದದ್ದು ಆನೆಸೀಲುಗಳು. ತಲೆಗೆ ಪುಟ್ಟ ಉಪಕರಣ ಅಂಟಿಸಿಕೊಂಡ ಆ ಪ್ರಾಣಿಗಳು ಮೀನಿಗಾಗಿ ಮುಳುಗಿದಾಗೆಲ್ಲ ನೀರಿನ ಉಷ್ಣತೆ, ಉಪ್ಪು ಅಳೆದು, ತಲೆ ಎತ್ತಿದಾಗ ಉಪಗ್ರಹಕ್ಕೆ ಕಳಿಸಿದವು. ಕಡಲತಳದಲ್ಲಿ ಲಂಗರು ಹಾಕಿಟ್ಟ ಮಾಪಕಗಳೂ ಅದನ್ನೇ ಹೇಳಿದವು. ಈ ಜಾಗ ನಮಗೆ ಅಷ್ಟೇನೂ ಪರಕೀಯವಲ್ಲ. ಹಾಸನದಿಂದ ನೇರ ದಕ್ಷಿಣಕ್ಕೆ, 76ನೇ ರೇಖಾಂಶ ಬಿಡದೆ ಗೆರೆ ಎಳೆದರೆ ಅದು ಅಂಟಾರ್ಕ್ಟಿಕಾವನ್ನು ಮುಟ್ಟುವುದು ಭಾರತದ ಭಾರತಿ ನೆಲೆಯ ಹತ್ತಿರ. ಅಲ್ಲಿಂದ ಪ್ರಿಡ್ಜ್ ಕೊಲ್ಲಿಯ ಆಚೆ ಪಶ್ಚಿಮಕ್ಕೆ ಇರುವುದೇ ಕೇಪ್ ಡಾರ್ನ್ಲಿ.

ಹೀಗೆ ತಯಾರಾದ ನೀರು ಕೂಡಲೇ ತಳಕ್ಕೆ ಬೀಳುವುದಿಲ್ಲ. ಹಿಮದ ಭಾರಕ್ಕೆ ಕುಸಿದು, ಹಿಮನದಿಗಳು ಉತ್ತು ಹೋದ ಅಂಟಾರ್ಕ್ಟಿಕಾದ ಖಂಡದಂಚು ಸಮತಟ್ಟಾಗಿಲ್ಲ. ಒಳಗೆ ತಗ್ಗು, ಅಂಚಿನಲ್ಲಿ ಏರಿ. ಕೆರೆಯೇ ಅನ್ನಿ, ನೀರಿನೊಳಗಿನ ಕೆರೆ. ಭಾರದ ನೀರು ಆ ತಗ್ಗಿನಲ್ಲಿ ತುಂಬಿ ಏರಿಯ ಮಟ್ಟ ಮುಟ್ಟಿದಾಗ ಕೋಡಿ ಬೀಳುತ್ತದೆ. ವೆಡ್ಡೆಲ್ ಸಮುದ್ರದ ಫಿಲ್ಕ್ನರ್ ತಗ್ಗಿನದು ಇಂಥ ದೊಡ್ಡ ಕೋಡಿ. ಅಲ್ಲಿ ಹರಿದು ಹೋಗುವುದು ಸೆಕೆಂಡಿಗೆ 15 ಲಕ್ಷ ಘನಮೀಟರ್‌ನ ಆಸುಪಾಸು. ಲೋಕದ ನದಿಗಳೆಲ್ಲ ಸೇರಿ ಕಡಲಿಗೆ ಸುರಿಯುವುದಕ್ಕಿಂತ ಹೆಚ್ಚು. ಅದರಲ್ಲೂ ಒಂದು ಪಾಲು, ಕಡಲ ಮೇಲೆ ಚಾಚಿದ ನೂರಾರು ಮೀಟರ್ ದಪ್ಪದ ಹಿಮಚಪ್ಪಡಿಯ ಕೆಳಗೆ ನುಸುಳಿ, ಅದನ್ನು ನೆಕ್ಕಿ ಕರಗಿಸಿ, ಮೈನಸ್ 2 ಡಿಗ್ರಿಗೂ ಕೆಳಗಿಳಿದು ಹೊರಬಂದ ನೀರು. ಒತ್ತಡ ಹೆಚ್ಚಿದಷ್ಟೂ ಹೆಪ್ಪುಗಟ್ಟುವ ಮಟ್ಟ ಕೆಳಗೆ ಹೋಗುವುದರಿಂದ ಇದು ಸಾಧ್ಯ. ಮೇಲ್ಮೈಯಲ್ಲಿ ಅಷ್ಟು ತಣ್ಣನೆಯ ಕಡಲನೀರು ದ್ರವವಾಗಿ ಇರಲಾರದು.

ಈ ಕೋಡಿ ನೀರನ್ನು ‘ಜಗತ್ತಿನ ಅತಿ ದೊಡ್ಡ ಜಲಪಾತ’ ಎಂದು ಬರೆಯುವ ಚಾಳಿ ಇದೆ. ಹೆಚ್ಚಾಗಿ ಗ್ರೀನ್‌ಲ್ಯಾಂಡ್–ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯ ಬಗ್ಗೆ ಈ ಮಾತು. ಸುಮಾರು 600 ಮೀಟರ್ ಆಳದ ಹೊಸ್ತಿಲು ದಾಟಿ, ಸೆಕೆಂಡಿಗೆ 30 ಲಕ್ಷ ಘನಮೀಟರ್ ನೀರು ಮೂರು ಕಿಲೋಮೀಟರಿಗೂ ಹೆಚ್ಚು ಇಳಿಯುತ್ತದೆ, ನಮ್ಮ ಜೋಗದ 253 ಮೀಟರ್ ಅದರ ಮುಂದೆ ಏನೂ ಅಲ್ಲ, ಇತ್ಯಾದಿ. ಅಂಕಿ ಸರಿ, ಚಿತ್ರ ತಪ್ಪು. ಅಲ್ಲಿ ಧುಮುಕುವುದು ಏನೂ ಇಲ್ಲ. ಇಳಿಜಾರು ಕೆಲವೇ ಡಿಗ್ರಿ. ಸೈಕಲ್ಲನ್ನು ಕಷ್ಟವಿಲ್ಲದೆ ತುಳಿಯಬಹುದಾದ ಏರು. ನೂರಿನ್ನೂರು ಮೀಟರ್ ದಪ್ಪದ ನೀರಿನ ಹಾಸು, ಸೆಕೆಂಡಿಗೆ ಅರ್ಧದಿಂದ ಒಂದು ಮೀಟರ್ ವೇಗದಲ್ಲಿ, ಅಂದರೆ ಆರಾಮ ನಡಿಗೆಯಲ್ಲಿ, ಇಳಿಜಾರಿಗೆ ಅಪ್ಪಿಕೊಂಡು ಜಾರುತ್ತದೆ. ದಾರಿಯುದ್ದಕ್ಕೂ ಅಕ್ಕಪಕ್ಕದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತಳ ತಲುಪುವಷ್ಟರಲ್ಲಿ ಗಾತ್ರ ದುಪ್ಪಟ್ಟು, ಚಳಿ ಅರ್ಧ. ನೇರ ಇಳಿಯುವುದೂ ಇಲ್ಲ: ಭೂಮಿ ತಿರುಗುತ್ತಿರುವುದರಿಂದ ದಕ್ಷಿಣಾರ್ಧದಲ್ಲಿ ಹರಿಯುವುದೆಲ್ಲ ಎಡಕ್ಕೆ ವಾಲುತ್ತದೆ. ಅಂಟಾರ್ಕ್ಟಿಕಾದಿಂದ ಉತ್ತರಕ್ಕೆ ಹೊರಟ ನೀರು ಪಶ್ಚಿಮಕ್ಕೆ ತಿರುಗಿ, ಇಳಿಜಾರಿಗೆ ಅಡ್ಡಡ್ಡ, ಘಾಟಿಯ ರಸ್ತೆಯ ಹಾಗೆ ಸಾಗುತ್ತಾ ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತದೆ. ನಡುವೆ ಕಡಲಡಿಯ ಕಣಿವೆ ಸಿಕ್ಕರೆ ಮಾತ್ರ ಅದಕ್ಕೆ ನೇರ ಇಳಿಯುವ ದಾರಿ. ಕೇಪ್ ಡಾರ್ನ್ಲಿಯ ನೀರು ವೈಲ್ಡ್ ಕಣಿವೆ ಹಿಡಿದು ಇಳಿಯುವುದು ಹೀಗೆ. ಇನ್ನೊಂದು ಗುಟ್ಟೂ ಇದೆ. ತಣ್ಣನೆಯ ನೀರು ಬೆಚ್ಚನೆಯ ನೀರಿಗಿಂತ ಸುಲಭವಾಗಿ ಅದುಮಿಸಿಕೊಳ್ಳುತ್ತದೆ. ಹಾಗಾಗಿ ಆಳಕ್ಕೆ ಹೋದಷ್ಟೂ ಅದರ ಭಾರದ ಮೇಲುಗೈ ಹೆಚ್ಚುತ್ತಲೇ ಹೋಗುತ್ತದೆ.

ಅಲ್ಲಿಂದ ಅರಬ್ಬಿ ಕಡಲಿನ ತಳಕ್ಕೆ ದಾರಿ ಹೀಗಿದೆ. ಅಂಟಾರ್ಕ್ಟಿಕಾದ ಎಂಡರ್ಬಿ ಬಯಲು, ಕ್ರೋಜೆ ಮತ್ತು ಕೆರ್ಗೆಲೆನ್ ದ್ವೀಪಗಳ ನಡುವಿನ ಗಂಡಿ, ನಡುಸಾಗರದ ಪರ್ವತಸಾಲಿನ ಸೀಳುಗಳು, ಮಡಗಾಸ್ಕರ್ ಪೂರ್ವದ ತಗ್ಗು, ಸೇಶೆಲ್ಸ್ ಬಳಿಯ ಅಮಿರಾಂಟೆ ಕಿಂಡಿ, ಸೊಮಾಲಿಯಾ ತೀರದ ತಗ್ಗು, ಆಮೇಲೆ ನಮ್ಮದು. ಪ್ರತಿ ಗಂಡಿಯಲ್ಲೂ ನೀರು ಒತ್ತರಿಸಿಕೊಂಡು ನುಗ್ಗಿ, ಮೇಲಿನ ನೀರಿನೊಡನೆ ಕಲಸಿಕೊಂಡು ಬೆಚ್ಚಗಾಗುತ್ತದೆ. ವೆಡ್ಡೆಲ್‌ನ ತಳದಲ್ಲಿ ಸೊನ್ನೆಗಿಂತ ಕೆಳಗಿದ್ದದ್ದು ನಮ್ಮಲ್ಲಿ ಒಂದೂವರೆ ಡಿಗ್ರಿ ದಾಟಿರುತ್ತದೆ. ಅಟ್ಲಾಂಟಿಕ್‌ನಿಂದ ಬಂದ ಆಳದ ನೀರೂ ಸಾಕಷ್ಟು ಬೆರೆತಿರುತ್ತದೆ. ಆದ್ದರಿಂದ ‘ಅಂಟಾರ್ಕ್ಟಿಕಾದ ನೀರು’ ಅನ್ನುವಾಗ, ಹಾಲಿನವನು ‘ಹಸುವಿನ ಹಾಲು’ ಅನ್ನುವಷ್ಟೇ ನಂಬಿಕೆ ಇರಲಿ.

ನಂಬುವುದು ಹೇಗೆ ಎಂದಿರಿ. ಗೇಯೋರ್ಗ್ ವ್ಯೂಸ್ಟ್ ಎಂಬ ಜರ್ಮನ್ ವಿಜ್ಞಾನಿ, 1925–27ರ ‘ಮೆಟಿಯೋರ್’ ಹಡಗಿನ ಯಾನದ ಅಳತೆಗಳನ್ನು ಹಿಡಿದು ಅಟ್ಲಾಂಟಿಕ್ ತಳದ ಉಷ್ಣತೆಯ ನಕ್ಷೆ ಬರೆದಾಗ ದಕ್ಷಿಣದಿಂದ ಉತ್ತರಕ್ಕೆ ಚಳಿಯ ನಾಲಿಗೆಗಳು ಚಾಚಿರುವುದು ಕಂಡಿತು. ಇರುವೆ ಸಾಲು ಹಿಡಿದು ಗೂಡು ಹುಡುಕಿದ ಹಾಗೆ, ಆ ನಾಲಿಗೆ ಹಿಡಿದು ಹೋದರೆ ಮೂಲ ಸಿಗುತ್ತದೆ. ಇದಕ್ಕಿಂತ ನೇರವಾದ ಸಾಕ್ಷಿ ಫ್ರಿಜ್ಜಿನ ಅನಿಲ. ಕ್ಲೋರೋಫ್ಲೋರೋಕಾರ್ಬನ್ ಮನುಷ್ಯ ತಯಾರಿಸುವವರೆಗೆ, ಅಂದರೆ 1930ರ ದಶಕದವರೆಗೆ, ಲೋಕದಲ್ಲಿ ಇರಲೇ ಇಲ್ಲ. ಅದು ಇವತ್ತು ಅಂಟಾರ್ಕ್ಟಿಕಾ ಸುತ್ತಲ ಕಡಲತಳದಲ್ಲಿ ನಾಲ್ಕೈದು ಕಿಲೋಮೀಟರ್ ಆಳದಲ್ಲಿ ಸಿಗುತ್ತದೆ. ನಡುವಿನ ಆಳದಲ್ಲಿ ಕಡಿಮೆ, ತಳದಲ್ಲಿ ಹೆಚ್ಚು. ಗಾಳಿಯನ್ನು ಮುಟ್ಟಿದ ನೀರು ಕೆಲವೇ ದಶಕಗಳಲ್ಲಿ ತಳಕ್ಕಿಳಿದಿದೆ ಎನ್ನಲು ಇದಕ್ಕಿಂತ ಏನು ಬೇಕು? ಅರಬ್ಬಿ ಕಡಲಿನ ತಳಕ್ಕೆ ಮಾತ್ರ ಅದು ಇನ್ನೂ ಬಂದಿಲ್ಲವೆಂದೇ ಹೇಳಬೇಕು. ನಮ್ಮಲ್ಲಿರುವುದು ನೂರಾರು ವರ್ಷ ಹಿಂದೆ ಹೊರಟ ನೀರು. ವೇಗ ಸೆಕೆಂಡಿಗೆ ಒಂದೆರಡು ಸೆಂಟಿಮೀಟರ್ ಅಂತ ಹಿಡಿದು ನೇರ ಭಾಗಾಕಾರ ಮಾಡಿದರೆ ಇಪ್ಪತ್ತು ಮೂವತ್ತು ವರ್ಷ ಬರುತ್ತದೆ, ವಿದ್ಯಾರ್ಥಿಗಳೆಲ್ಲ ಮಾಡುವ ತಪ್ಪು ಅದು. ನೀರು ಎಕ್ಸ್‌ಪ್ರೆಸ್ ಬಸ್ಸಿನಂತೆ ಬರುವುದಿಲ್ಲ; ಪ್ರತಿ ತಗ್ಗಿನಲ್ಲಿ ಸುತ್ತಿ, ಸುಳಿದು, ಹಿಂದೆ ಹೋಗಿ, ಬೆರೆತು ಬರುತ್ತದೆ.

ಇನ್ನು ಕಡಲತಳಕ್ಕೆ ಏನಾಗುತ್ತದೆ ಎಂಬುದು. ಮೊಟ್ಟಮೊದಲು, ಉಸಿರು. ಮೇಲ್ಮೈಯಲ್ಲಿ ಗಾಳಿಯಿಂದ ತುಂಬಿಕೊಂಡ ಆಮ್ಲಜನಕವನ್ನು ತಳಕ್ಕೆ ಹೊತ್ತು ತರುವುದು ಈ ನೀರೇ. ಇದು ಬರದಿದ್ದರೆ ಏನಾಗುತ್ತದೆಂದು ನೋಡಲು ಕಪ್ಪು ಸಮುದ್ರ ಇದೆ: ಅಲ್ಲಿ ಇನ್ನೂರು ಮೀಟರ್‌ನ ಕೆಳಗೆ ಆಮ್ಲಜನಕವೇ ಇಲ್ಲ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಬ್ಯಾಕ್ಟೀರಿಯಾ ಬಿಟ್ಟರೆ ಬೇರೆ ಜೀವವಿಲ್ಲ ಎನ್ನಬಹುದು. ನಮ್ಮ ಅರಬ್ಬಿ ಕಡಲಿನಲ್ಲಿ ಇನ್ನೂ ವಿಚಿತ್ರ. 150ರಿಂದ 1,000 ಮೀಟರ್‌ವರೆಗಿನ ನಡುಭಾಗಕ್ಕೆ ಉಸಿರು ಕಟ್ಟಿದೆ. ಅಲ್ಲಿಂದ ಕೆಳಗೆ ಹೋದಂತೆ ಆಮ್ಲಜನಕ ಮತ್ತೆ ಏರುತ್ತದೆ. ಮಾಳಿಗೆಯಲ್ಲಿ ಗಾಳಿಯಿಲ್ಲ, ನೆಲಮಾಳಿಗೆಯಲ್ಲಿ ಗಾಳಿ ಇದೆ, ಯಾಕೆಂದರೆ ನೆಲಮಾಳಿಗೆಗೆ ದಕ್ಷಿಣದಿಂದ ಬೇರೆಯೇ ಬಾಗಿಲಿದೆ.

ಎರಡನೆಯದು ಸುಣ್ಣ. ಮೇಲಿನ ಸೂಕ್ಷ್ಮಜೀವಿಗಳ ಚಿಪ್ಪುಗಳು ಸತ್ತ ಮೇಲೆ ಮಳೆಯಂತೆ ಕೆಳಗೆ ಉದುರುತ್ತಲೇ ಇರುತ್ತವೆ. ತಣ್ಣಗಿನ, ಒತ್ತಡದ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಂಡ ತಳದ ನೀರು ಅವನ್ನು ಕರಗಿಸುತ್ತದೆ. ಹಿಂದೂ ಮಹಾಸಾಗರದಲ್ಲಿ ಸುಮಾರು ನಾಲ್ಕೂವರೆ–ಐದು ಕಿಲೋಮೀಟರ್ ಕೆಳಗೆ ಸುಣ್ಣ ಉಳಿಯುವುದೇ ಇಲ್ಲ. ಅಲ್ಲಿಂದಾಚೆ ಬರೀ ಕೆಂಗಂದು ಜೇಡಿ. ಬೆಟ್ಟದ ತುದಿಯಲ್ಲಿ ಮಾತ್ರ ಹಿಮ ನಿಂತಂತೆ ಕಡಲಡಿಯ ಬೆಟ್ಟಗಳ ಮೇಲೆ ಮಾತ್ರ ಬಿಳಿ.

ಮೂರನೆಯದು ನನಗೆ ಬಹಳ ಇಷ್ಟದ್ದು, ಕೆಸರಿನ ಕತೆ. 1960ರವರೆಗೂ ಆಳದ ತಳ ಅಂದರೆ ನಿಶ್ಶಬ್ದ, ನಿಶ್ಚಲ, ಮೇಲಿನಿಂದ ಧೂಳು ಉದುರುವ ಜಾಗ ಎಂದೇ ಹೆಚ್ಚಿನವರು ಎಣಿಸಿದ್ದರು. ಬ್ರೂಸ್ ಹೀಝೆನ್, ಚಾರ್ಲ್ಸ್ ಹಾಲಿಸ್ಟರ್ ಮೊದಲಾದ ಅಮೆರಿಕದ ಕಡಲ ವಿಜ್ಞಾನಿಗಳು ಕಡಲತಳದ ಫೋಟೊಗಳಲ್ಲಿ, ಕೆರೆದಂಡೆಯ ಮರಳಿನ ಮೇಲೆ ಕಾಣುವಂಥ ಅಲೆಗೆರೆಗಳನ್ನು ಕಂಡರು. ಅಮೆರಿಕದ ಪೂರ್ವತೀರದ ಆಳದ ಇಳಿಜಾರಿನಲ್ಲಿ ಕೆಸರನ್ನು ಪೇರಿಸಿ ರೂಪಿಸಿರುವುದು ಇಳಿಜಾರಿಗೆ ಅಡ್ಡ ಹರಿಯುವ ತಳದ ಹರಿವು ಎಂದು 1966ರಲ್ಲಿ ಬರೆದರು. ಇಂಥ ಒಡ್ಡುಗಳು ಉತ್ತರ ಅಟ್ಲಾಂಟಿಕ್‌ನಲ್ಲಿ ನೂರಾರು ಕಿಲೋಮೀಟರ್ ಉದ್ದ, ನೂರಾರು ಮೀಟರ್ ಎತ್ತರ ಬೆಳೆದಿವೆ. ನಮ್ಮ ಹೊಲದ ಬದುವಿನ ಹಾಗೆ ಕಂಡರೂ ಕಟ್ಟಲು ಹಿಡಿದದ್ದು ಲಕ್ಷಾಂತರ ವರ್ಷ.

1980ರ ದಶಕದ ಮೊದಲಲ್ಲಿ ಕೆನಡಾದ ನೋವಾ ಸ್ಕೋಷಿಯಾ ತೀರದಾಚೆ ಸುಮಾರು 4,800 ಮೀಟರ್ ಆಳದಲ್ಲಿ ಕ್ಯಾಮೆರಾ, ಹರಿವಿನ ಮಾಪಕಗಳನ್ನು ಇಟ್ಟು ಕಾದರು. ಬಿರುಗಾಳಿ ಸಿಕ್ಕಿತು, ನೀರಿನೊಳಗಿನ ಬಿರುಗಾಳಿ. ಮೇಲಿನ ಬೆಚ್ಚನೆಯ ಪ್ರವಾಹವಾದ ಗಲ್ಫ್ ಸ್ಟ್ರೀಮ್‌ನ ಸುಳಿಗಳು ಎಬ್ಬಿಸಿದ ತಳಮಳ ತಳದ ತಣ್ಣೀರಿನ ಹರಿವಿಗೆ ಸೇರಿದಾಗ ವೇಗ ಸೆಕೆಂಡಿಗೆ 20 ಸೆಂಟಿಮೀಟರ್ ದಾಟಿ, ಒಮ್ಮೊಮ್ಮೆ ಅದರ ಎರಡರಷ್ಟಾಗುತ್ತಿತ್ತು. ಮೊದಲ ಫೋಟೊದಲ್ಲಿ ಹುಳುಗಳು ಎಬ್ಬಿಸಿದ ಗುಪ್ಪೆ, ತೂತು, ಹೆಜ್ಜೆ ಜಾಡು. ಬಿರುಗಾಳಿ ನಡುವೆ ಏನೂ ಕಾಣದ ಬಗ್ಗಡ. ಆಮೇಲಿನ ಫೋಟೊದಲ್ಲಿ ಸಗಣಿ ಸಾರಿಸಿದ ಅಂಗಳದಂತೆ ಎಲ್ಲ ನುಣ್ಣಗೆ, ಒಂದೇ ಕಡೆಗೆ ಎಳೆದ ಗೆರೆಗಳು. ಕೆಲ ದಿನಗಳಲ್ಲಿ ಹುಳುಗಳು ಮತ್ತೆ ಗುಪ್ಪೆ ಹಾಕುತ್ತವೆ. ವರ್ಷಕ್ಕೆ ಹಲವು ಬಾರಿ ಇದೇ ಪಾಡು.

ಹೀಗೆ ಎದ್ದ ಕೆಸರು ಇಳಿಯುವಾಗ ಕಣದಲ್ಲಿ ರಾಶಿ ತೂರಿದಂತೆ ಬೇರ್ಪಡುತ್ತದೆ. ಗಾಳಿ ಜೋರಾದಷ್ಟೂ ಹೊಟ್ಟು ದೂರ ಹಾರಿ, ಕಾಲಬುಡದಲ್ಲಿ ಗಟ್ಟಿ ಕಾಳು ಉಳಿಯುತ್ತದಲ್ಲ. ಹರಿವು ಜೋರಾದಲ್ಲಿ ದಪ್ಪ ಕಣ, ನಿಧಾನವಾದಲ್ಲಿ ಸಣ್ಣ ಕಣ. ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನಿಂದ ಹದಿನಾರನೇ ಒಂದು ಪಾಲಿನವರೆಗಿನ ಕಣಗಳನ್ನು ಕೆಸರಿನ ಪದರದಿಂದ ಪದರಕ್ಕೆ ಅಳೆದು, ಹತ್ತಿಪ್ಪತ್ತು ಸಾವಿರ ವರ್ಷಗಳ ಹಿಂದೆ ಹಿಮಯುಗದಲ್ಲಿ ತಳದ ಹರಿವು ಚುರುಕಾಗಿತ್ತೋ ಮಂದವಾಗಿತ್ತೋ ಎಂದು ಹೇಳುತ್ತೇವೆ. ಮೊರದಲ್ಲಿ ಉಳಿದ ಕಾಳು ನೋಡಿ ಅಂದಿನ ಗಾಳಿಯನ್ನು ಊಹಿಸಿದ ಹಾಗೆ.

ಲೋಹದ ಗೆಡ್ಡೆಗಳ ಮಾತನ್ನೂ ಹೇಳಬೇಕು, ಯಾಕೆಂದರೆ ನಮ್ಮ ದೇಶಕ್ಕೆ ಅದರಲ್ಲಿ ಪಾಲಿದೆ. 1981ರ ಜನವರಿ 26ರಂದು ಭಾರತದ ಸಂಶೋಧನಾ ಹಡಗು ‘ಗವೇಷಣಿ’ ಅರಬ್ಬಿ ಸಮುದ್ರದ ತಳದಿಂದ ಮೊದಲ ಮ್ಯಾಂಗನೀಸ್ ಗೆಡ್ಡೆಯನ್ನು ಎತ್ತಿತು. ಈಗ ನಡು ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್ ಜಾಗದಲ್ಲಿ ಅವನ್ನು ಅರಸುವ ಹಕ್ಕು ಭಾರತಕ್ಕಿದೆ. ಆಲೂಗೆಡ್ಡೆಯಂಥ ಕಪ್ಪು ಉಂಡೆ. ಒಳಗೆ ಮ್ಯಾಂಗನೀಸ್, ಕಬ್ಬಿಣ, ನಿಕ್ಕಲ್, ತಾಮ್ರ, ಕೋಬಾಲ್ಟ್. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಇದು ಕಟ್ಟಬೇಕಾದರೆ ಆಮ್ಲಜನಕವಿರುವ ನೀರು ಬೇಕು, ಮೇಲೆ ಹೂಳು ಬೇಗ ಬೀಳಬಾರದು. ತೊಂಬತ್ತು ಡಿಗ್ರಿ ಪೂರ್ವ ಪರ್ವತಸಾಲಿನ ಕಣಿವೆಗಳನ್ನು ದಾಟಿ ಪೂರ್ವದಿಂದ ನುಸುಳಿ ಬರುವ ದಕ್ಷಿಣದ ತಣ್ಣೀರು ಆಮ್ಲಜನಕ ಒದಗಿಸುತ್ತದೆ, ಹೂಳು ಗುಡಿಸಲೂ ಕೈ ಸೇರಿಸುತ್ತದೆ. ಗೆಡ್ಡೆ ಹೂತುಹೋಗದಂತೆ ಕಾಯುವುದರಲ್ಲಿ ಕೆಸರು ಅಗೆಯುವ ಹುಳುಗಳದ್ದೂ ಕೈವಾಡವಿದೆ.

ಇಳಿಯುವ ತಣ್ಣೀರಿನ ಪರಿಣಾಮವನ್ನು ಒಂದೇ ಮನುಷ್ಯಾಯುಷ್ಯದಲ್ಲಿ ಕಣ್ಣಾರೆ ಕಾಣುವ ಜಾಗವೂ ಒಂದಿದೆ, ಮೀನುಗಾರಿಕೆ ಊರಿನವರಾದ ನಿಮಗೆ ರುಚಿಸಬಹುದು. ಸ್ಪೇನ್–ಫ್ರಾನ್ಸ್ ಗಡಿಯ ಕ್ಯಾಪ್ ಡಿ ಕ್ರೇಯಸ್ ಬಳಿ, ಮೆಡಿಟರೇನಿಯನ್‌ನಲ್ಲಿ, ಕೆಲವು ಚಳಿಗಾಲ ಒಣ ಉತ್ತರದ ಗಾಳಿ ದಂಡೆಯ ನೀರನ್ನು ತಣಿಸಿ, ಆವಿ ಮಾಡಿ, ಭಾರಗೊಳಿಸಿ ಕಡಲಡಿಯ ಕಣಿವೆಗೆ ಇಳಿಸುತ್ತದೆ. ಇಲ್ಲಿ ಐಸಿನ ಪಾತ್ರವಿಲ್ಲ. 2005ರಲ್ಲಿ ಅದು ವಾರಗಟ್ಟಲೆ ನಡೆಯಿತು, ಕಣಿವೆಯಲ್ಲಿ ವೇಗ ಸೆಕೆಂಡಿಗೆ 80 ಸೆಂಟಿಮೀಟರ್ ಮುಟ್ಟಿತು, ಮರಳು ಕಣಿವೆಯ ಗೋಡೆಯನ್ನು ಉಜ್ಜಿತು. ಅಲ್ಲಿನ ಕೆಟಲಾನ್ ಮೀನುಗಾರರು ಆಳದ ಕೆಂಪು ಸಿಗಡಿಗೆ ಟ್ರಾಲ್ ಎಳೆಯುವವರು. ಆ ಸಿಗಡಿಗೆ ಭಾರಿ ಬೆಲೆ. ಇಂಥ ಚಳಿಗಾಲ ಬಂತೆಂದರೆ ಬಲೆ ಖಾಲಿ, ಸಿಗಡಿ ಜಾಗ ಬಿಟ್ಟು ಮಾಯ. ಆದರೆ ಮೂರರಿಂದ ಐದು ವರ್ಷ ಬಿಟ್ಟು ಬಲೆ ತುಂಬುತ್ತದೆ. ತಣ್ಣೀರು ದಂಡೆಯ ತಿನಿಸನ್ನೆಲ್ಲ ಗುಡಿಸಿ ಆಳಕ್ಕೆ ಒಯ್ದಿರುತ್ತದೆ, ಮರಿಗಳು ಅದನ್ನು ತಿಂದು ಬೆಳೆದಿರುತ್ತವೆ.

ಅಂಟಾರ್ಕ್ಟಿಕಾದ ಕಾರ್ಖಾನೆಗಳು ಈಚೆಗೆ ಮಂಕಾಗುತ್ತಿವೆ. ಹಿಮಚಪ್ಪಡಿಗಳು ಕರಗಿ ಬೆರೆಯುವ ಸಿಹಿನೀರು ಆ ಚಿಟಿಕೆ ಉಪ್ಪಿನ ಮೇಲುಗೈಯನ್ನು ಕಸಿಯುತ್ತಿದೆ. ವೆಡ್ಡೆಲ್ ಸಮುದ್ರದ ಅತಿ ತಣ್ಣನೆಯ ತಳದ ನೀರಿನ ಗಾತ್ರ 1992ರಿಂದ 2020ರೊಳಗೆ ಶೇ. 30ರಷ್ಟು ಕುಗ್ಗಿದೆ; ಅಲ್ಲಿ ಮುಖ್ಯ ಕಾರಣ ಗಾಳಿ ಬದಲಾಗಿ ಪಾಲಿನ್ಯಾದಲ್ಲಿ ಐಸು ಹುಟ್ಟುವುದು ಕಡಿಮೆಯಾದದ್ದು. ಆಸ್ಟ್ರೇಲಿಯಾದ ದಕ್ಷಿಣಕ್ಕೆ ತಳದ ಹರಿವು 1994–2009ರ ನಡುವೆ ಶೇ. 28ರಷ್ಟು ಇಳಿದು, ಆಮೇಲೆ ಸ್ವಲ್ಪ ಚೇತರಿಸಿಕೊಂಡಿತು. ಒಮ್ಮೊಮ್ಮೆ ಒಂದೇ ಅವಘಡ ಸಾಕು: 2010ರ ಫೆಬ್ರುವರಿಯಲ್ಲಿ ದೊಡ್ಡದೊಂದು ಹಿಮಬಂಡೆ ಬಡಿದು ಅಡೇಲಿ ಕರಾವಳಿಯ ಮೆರ್ಟ್ಸ್ ಹಿಮನದಿಯ ನಾಲಿಗೆ ಮುರಿಯಿತು. ತೇಲಿ ಬರುವ ಐಸನ್ನು ತಡೆದು ಪಾಲಿನ್ಯಾವನ್ನು ತೆರೆದಿಡುತ್ತಿದ್ದದ್ದೇ ಆ ನಾಲಿಗೆ. ಅದು ಹೋದ ಮೇಲೆ ಅಲ್ಲಿ ಭಾರದ ನೀರಿನ ಉತ್ಪತ್ತಿ ಬಿದ್ದುಹೋಯಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮಳೆಗಾಲದಲ್ಲಿ ಮಲ್ಪೆಯಲ್ಲಿ ಮೇಲೇಳುವ ತಣ್ಣೀರು ಅದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮತ್ತು ತೀರದ ಪ್ರವಾಹ ಸೇರಿ ಮೇಲ್ನೀರನ್ನು ಆಚೆ ಎಳೆದಾಗ ಮೇಲೆ ಬರುವುದು ನೂರು, ಹೆಚ್ಚೆಂದರೆ ಇನ್ನೂರು ಮೀಟರ್ ಆಳದ ನೀರು. ಅದು ಇಪ್ಪತ್ತರ ಆಸುಪಾಸಿನ ಉಷ್ಣತೆಯದು, ಉಸಿರು ಕಟ್ಟಿದ ಆ ನಡುಭಾಗದ ಮೇಲಂಚಿನದು. ಮಳೆಗಾಲ ಮುಗಿಯುವ ಹೊತ್ತಿಗೆ ಕೆಲವು ವರ್ಷ ತಳದ ಮೀನು ದಂಡೆಗೆ ಒತ್ತರಿಸಿ ಬರುವುದು, ಬಲೆಗೆ ಸುಲಭವಾಗಿ ಸಿಗುವುದು ಅದರ ದೆಸೆಯಿಂದ. ನಾಲ್ಕು ಕಿಲೋಮೀಟರ್ ಕೆಳಗಿನ ದಕ್ಷಿಣದ ನೀರು ಮೆಲ್ಲನೆ ಬೆಚ್ಚಗಾಗಿ, ಒಂದಷ್ಟು ಮೇಲೇರಿ, ಎರಡು–ಮೂರು ಕಿಲೋಮೀಟರ್ ಆಳದಲ್ಲೇ ಬಂದ ದಿಕ್ಕಿಗೆ ಮರಳುತ್ತದೆ. ಅದು ಮತ್ತೆ ಗಾಳಿಯನ್ನು ಕಾಣುವುದು ಬಹುಪಾಲು ಅಂಟಾರ್ಕ್ಟಿಕಾ ಸುತ್ತಲ ಕಡಲಿನಲ್ಲೇ. ಮಲ್ಪೆಯ ದಂಡೆಯಲ್ಲಿ ನಿಂತು ಅದನ್ನು ಮುಟ್ಟುವ ಯೋಗವಿಲ್ಲ. ಮುಟ್ಟಬೇಕೆಂದರೆ ಹಡಗು ಹತ್ತಿ ಮೂರು ಗಂಟೆ ಕಾಯಬೇಕು.